ಗಿಗಾಹರ್ಟ್ಸ್ ಅನ್ನೋ ಅರ್ಧಸತ್ಯ

2009ರಲ್ಲಿ ನನ್ನ ತಮ್ಮ ಊರಲ್ಲಿ ಜೆರಾಕ್ಸ್, ಡಿಟಿಪಿ ಅಂಗಡಿ ಇಡೋಕೆ ಹೊರಟ. ಕೊಬ್ಬರಿ ಮಾರಿದ ದುಡ್ಡು ಕೈಲಿತ್ತು. ತಿಪಟೂರಿನಿಂದ ಫೋನ್ ಮಾಡಿ, "ಅಣ್ಣ, ಎರಡು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಇವೆ, ರೇಟು ಒಂದೇ. ಒಂದು 3 ಗಿಗಾಹರ್ಟ್ಸ್ ಅಂತೆ, ಇನ್ನೊಂದು 1.8. ಯಾವ್ದು ತಗೊಳ್ಲಿ?" ಅಂದ. ನಾನು ಮೀಟಿಂಗ್‌ನಲ್ಲಿದ್ದೆ. "ದೊಡ್ಡ ನಂಬರಿಂದು ತಗೊಳೋ" ಅಂತ ಇಟ್ಟುಬಿಟ್ಟೆ. ಬಿ.ಇ. ಓದಿದ ಅಣ್ಣನ ಮಾತು. ಅವನು ಮತ್ತೆ ಕೇಳಲಿಲ್ಲ.

ಹಬ್ಬಕ್ಕೆ ಹೋದಾಗ ನೋಡಿದರೆ, ಮದುವೆ ಕಾರ್ಡಿನ ಫೋಟೊ ತೆರೆಯೋಷ್ಟರಲ್ಲಿ ಗಿರಾಕಿ ಎದುರು ಹೋಟೆಲಲ್ಲಿ ಕಾಫಿ ಕುಡಿದು ಬರುತ್ತಿದ್ದ. ಮಾರಿದವನು ಮೋಸ ಮಾಡಿದ್ದಾನೆ ಅಂದುಕೊಂಡು ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆಗೆದೆ. ಪೆಂಟಿಯಂ 4, 3.00 ಗಿಗಾಹರ್ಟ್ಸ್. ಮೋಸವೇನೂ ಇಲ್ಲ. ನನ್ನ ಮಾತು ಕೇಳಿ ತಮ್ಮ ಬಿಟ್ಟು ಬಂದಿದ್ದು ಕೋರ್ 2 ಡ್ಯುಯೊ. ರ‍್ಯಾಮ್ ಎರಡರಲ್ಲೂ ಅಷ್ಟೇ ಇತ್ತಂತೆ.

ನನ್ನ ತಕರಾರು ಇರೋದು ಆ ಪುಟ್ಟ ಕಿಟಕಿಯ ಮೇಲೆ. ಅದು ಸುಳ್ಳು ಹೇಳಲ್ಲ, ಅರ್ಧ ಮಾತ್ರ ಹೇಳುತ್ತೆ. 3 ಗಿಗಾಹರ್ಟ್ಸ್ ಅಂದರೆ ಪ್ರೊಸೆಸರಿನೊಳಗಿನ ಗಡಿಯಾರ ಸೆಕೆಂಡಿಗೆ 300 ಕೋಟಿ ಸಲ ಮಿಡಿಯುತ್ತೆ ಅಂತ. ಒಂದೊಂದು ಮಿಡಿತಕ್ಕೆ ಎಷ್ಟು ಕೆಲಸ ಆಗುತ್ತೆ? ಅದರ ಸುದ್ದಿಯೇ ಇಲ್ಲ. ಬಾವಿಗೆ ಕೊಡ ಎಷ್ಟು ಸಲ ಇಳೀತು ಅಂತ ಎಣಿಸಿ, ಕೊಡ ಎಷ್ಟು ದೊಡ್ಡದು, ಸೇದೋರು ಎಷ್ಟು ಜನ ಅಂತ ಕೇಳದೇ ಇದ್ದ ಹಾಗೆ. ಪೆಂಟಿಯಂ 4 ಚಿಕ್ಕ ಕೊಡವನ್ನ ಒಬ್ಬನೇ ಗಡಿಬಿಡಿಯಲ್ಲಿ ಸೇದುತ್ತಿತ್ತು. ಕೋರ್ 2 ಡ್ಯುಯೊದಲ್ಲಿ ಕೊಡ ದೊಡ್ಡದು, ಸೇದೋರು ಇಬ್ಬರು.

ಕಂಪನಿಗಳಿಗೆ ಇದು ಮೊದಲೇ ಗೊತ್ತಿತ್ತು. 2001ರಲ್ಲೇ ಎಎಂಡಿ ತನ್ನ 1.53 ಗಿಗಾಹರ್ಟ್ಸ್ ಚಿಪ್ಪಿಗೆ 1800+ ಅಂತ ಹೆಸರಿಟ್ಟಿತು. ಇಂಟೆಲ್ 3.8ರವರೆಗೆ ಓಡಿ, 2004ರಲ್ಲಿ 4 ಗಿಗಾಹರ್ಟ್ಸ್ ಪೆಂಟಿಯಂ ಆಸೆ ಬಿಟ್ಟಿತು. ವೇಗ ಹೆಚ್ಚಿದಷ್ಟೂ ಕರೆಂಟು, ಬಿಸಿ ಎರಡೂ ಏರುತ್ತಿದ್ದವು. 2006ರಲ್ಲಿ ಬಂದ ಕೋರ್ 2 ಡ್ಯುಯೊ ಕಮ್ಮಿ ನಂಬರಿನಲ್ಲೇ ಜಾಸ್ತಿ ಕೆಲಸ ಮಾಡಿ ತೋರಿಸಿತು. ಆದರೆ ಅಂಗಡಿಯ ಬೋರ್ಡಿನಲ್ಲಿ, ನಮ್ಮ ತಲೆಯಲ್ಲಿ ಗಿಗಾಹರ್ಟ್ಸ್ ಹಾಗೇ ಉಳೀತು. ನಾನೂ ಮಾರ್ಕ್ಸ್ ಕಾರ್ಡ್ ನೋಡೋ ಥರ ನಂಬರ್ ನೋಡಿದೆ.

ಹಾಗಂತ ಸ್ಪೀಡ್ ನೋಡಲೇಬೇಡಿ ಅಂತಲ್ಲ. ಮೊದಲು ಪ್ರೊಸೆಸರಿನ ಪೂರ್ತಿ ಹೆಸರು ಓದಿ, ಯಾವ ತಲೆಮಾರಿನದು, ಎಷ್ಟು ಕೋರ್ ಇವೆ ನೋಡಿ. ಗಿಗಾಹರ್ಟ್ಸ್ ಹೋಲಿಸೋದಾದರೆ ಒಂದೇ ಕುಟುಂಬದ ಚಿಪ್ಪುಗಳ ನಡುವೆ ಹೋಲಿಸಿ. ಆಮೇಲೆ ನಿಮ್ಮ ಕೆಲಸವನ್ನೇ ಅದರ ಮೇಲೆ ಮಾಡಿ ನೋಡಿ.

ಈ ಕೊನೇದನ್ನ ನನಗೆ ಕಲಿಸಿದವನು ತಮ್ಮನೇ. ಎರಡು ವರ್ಷ ಆ ಪೆಟ್ಟಿಗೆ ಜೊತೆ ಏಗಿ, ಇನ್ನೊಂದು ಕೊಳ್ಳೋಕೆ ಹೋದಾಗ ಪೆನ್‌ಡ್ರೈವಲ್ಲಿ ಒಂದು ಮದುವೆ ಕಾರ್ಡ್ ಹಾಕ್ಕೊಂಡು ಹೋಗಿದ್ದ. ಅಂಗಡಿಯಲ್ಲೇ ತೆರೆಸಿ, ವಾಚ್ ನೋಡಿಕೊಂಡು ಆರಿಸಿದ.

ಆ ಸಲ ನನಗೆ ಫೋನ್ ಮಾಡಲಿಲ್ಲ.