ಕೊಳವೆ ಏಕೆ ಒಡೆಯುತ್ತದೆ? – ಒಂದು ಅರೆ ಉತ್ತರದ ವಿಮರ್ಶೆ

‘ಶೀತ ಪ್ರದೇಶಗಳಲ್ಲಿ ಚಳಿಗಾಲದಲ್ಲಿ ನೀರಿನ ಕೊಳವೆಗಳು ಒಡೆಯುತ್ತವೆ. ಕಾರಣ ಕೊಡಿ.’ ಪ್ರೌಢಶಾಲೆಯಲ್ಲಿ ಭೌತವಿಜ್ಞಾನ ಓದಿದವರಿಗೆಲ್ಲ ಈ ಪ್ರಶ್ನೆ ಪರಿಚಿತ. ಉತ್ತರವೂ ಅಷ್ಟೇ ಪರಿಚಿತ: ನೀರು ಹೆಪ್ಪುಗಟ್ಟಿದಾಗ ಹಿಗ್ಗುತ್ತದೆ, ಹಿಗ್ಗಿದ ಮಂಜುಗಡ್ಡೆ ಕೊಳವೆಯ ಗೋಡೆಯನ್ನು ಒತ್ತಿ ಒಡೆಯುತ್ತದೆ. ವಿದ್ಯಾರ್ಥಿಗೆ ಅಂಕ ಸಿಗುತ್ತದೆ, ಪಾಠ ಮುಂದೆ ಸಾಗುತ್ತದೆ.

ಈ ಉತ್ತರ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಅದೊಂದನ್ನೇ ನಂಬಿ, ಸೌದೆ ಒಲೆಯಿಂದ ಬೆಚ್ಚಗಿರುವ ಮನೆಯೊಂದನ್ನು ಚಳಿಗಾಲದಲ್ಲಿ ಬೀಗ ಹಾಕಿ ಹೊರಟರೆ ಏನಾಗುತ್ತದೆ? ಈ ಪರೀಕ್ಷೆಗೆ ಒಡ್ಡಿದಾಗ ಉತ್ತರದ ಕೊರತೆಗಳು ಸ್ಪಷ್ಟವಾಗುತ್ತವೆ.

ಮಂಡಕಳ್ಳಿಯ ವಿದ್ಯಾರ್ಥಿಗೆ ಇದೇಕೆ?

ಮೈಸೂರಿನ ದಕ್ಷಿಣಕ್ಕೆ, ನಂಜನಗೂಡು ರಸ್ತೆಯಲ್ಲಿ, ವಿಮಾನ ನಿಲ್ದಾಣವಿರುವ ಮಂಡಕಳ್ಳಿಯನ್ನೇ ತೆಗೆದುಕೊಳ್ಳೋಣ. ಜನವರಿಯ ರಾತ್ರಿಯಲ್ಲೂ ಅಲ್ಲಿನ ತಾಪ 10° ಸೆ.ಗಿಂತ ಕೆಳಗಿಳಿಯುವುದು ಅಪರೂಪ. ಹೆಪ್ಪುಗಟ್ಟಿದ ನಲ್ಲಿಯನ್ನು ಅಲ್ಲಿನ ಮಕ್ಕಳು ಕಂಡಿಲ್ಲ. ಹೀಗಿರುವಾಗ ಈ ಪ್ರಶ್ನೆಯೇ ಬೇಡ ಎನ್ನುವವರಿದ್ದಾರೆ. ನನಗನ್ನಿಸುವುದು ಇದಕ್ಕೆ ವಿರುದ್ಧ. ಶೀತ ದೇಶದ ಹುಡುಗ ತನ್ನ ಮನೆಯ ಒಡೆದ ಕೊಳವೆಯನ್ನು ನೋಡಿ ಪಾಠದ ವಾಕ್ಯವನ್ನು ತಿದ್ದಿಕೊಳ್ಳಬಲ್ಲ. ನಮ್ಮ ವಿದ್ಯಾರ್ಥಿಗೆ ಆ ಅವಕಾಶವಿಲ್ಲ. ಪಾಠ ಹೇಳಿದ್ದೇ ಅವನಿಗೆ ಕೊನೆಯ ಮಾತು. ಆದ್ದರಿಂದ ನಮ್ಮ ಪಾಠ ಹೆಚ್ಚು ಎಚ್ಚರದಿಂದಿರಬೇಕು.

ಇದು ಕೇವಲ ಪರೀಕ್ಷೆಯ ವಿಷಯವೂ ಅಲ್ಲ. ಸೈನ್ಯ ಸೇರಿ ಲಡಾಖ್‌ಗೆ ಹೋದವರು ಬುಖಾರಿ ಒಲೆಯ ಪಕ್ಕದಲ್ಲಿ ಚಳಿಗಾಲ ಕಳೆಯುತ್ತಾರೆ. ಅಮೆರಿಕ, ಕೆನಡಾಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಊರಿಗೆ ಬರುವುದು ಹೆಚ್ಚಾಗಿ ಮಕ್ಕಳಿಗೆ ರಜೆಯಿರುವ ಡಿಸೆಂಬರ್‌ನಲ್ಲಿ. ಅಲ್ಲಿ ಕೊರೆಯುವ ಚಳಿ ಆರಂಭವಾಗುವ ಹೊತ್ತಿಗೇ ಅವರ ಮನೆ ಖಾಲಿಯಾಗುತ್ತದೆ.

ಎರಡು ಹಿಗ್ಗುವಿಕೆಗಳ ಗೊಂದಲ

ಮೊದಲ ದೋಷವೆಂದರೆ, ಈ ಪ್ರಶ್ನೆಯನ್ನು ‘ನೀರಿನ ಅಸಂಗತ ವ್ಯಾಕೋಚನೆ’ಯ ಶೀರ್ಷಿಕೆಯಡಿ ಇಡುವುದು. 4° ಸೆ.ನಿಂದ 0° ಸೆ.ಗೆ ತಣಿಯುವಾಗ ನೀರು ಹಿಗ್ಗುತ್ತದೆ, ನಿಜ. ಆದರೆ ಆ ಹಿಗ್ಗುವಿಕೆ ಶೇಕಡಾ 0.013ರಷ್ಟು ಮಾತ್ರ. 0° ಸೆ.ನಲ್ಲಿ ನೀರು ಮಂಜುಗಡ್ಡೆಯಾಗುವಾಗ ಗಾತ್ರ ಹೆಚ್ಚುವುದು ಸುಮಾರು ಶೇಕಡಾ 9. ಎರಡನೆಯದು ಮೊದಲನೆಯದರ ಸುಮಾರು 700 ಪಟ್ಟು! ಕೆರೆಯ ಮೇಲ್ಪದರ ಮೊದಲು ಹೆಪ್ಪುಗಟ್ಟುವುದನ್ನು ವಿವರಿಸಲು ಮೊದಲನೆಯದು ಬೇಕು. ಕೊಳವೆಗೆ ಬೇಕಾದದ್ದು ಎರಡನೆಯದು. ‘4 ಡಿಗ್ರಿಯ ಕೆಳಗೆ ನೀರು ಹಿಗ್ಗುವುದರಿಂದ ಕೊಳವೆ ಒಡೆಯುತ್ತದೆ’ ಎಂಬ ಉತ್ತರಕ್ಕೆ ಪೂರ್ಣ ಅಂಕ ಕೊಡುವುದು ಸರಿಯಲ್ಲ.

ಒಡೆಯುವುದು ಎಲ್ಲಿ?

ಎರಡನೆಯ ದೋಷ ಇನ್ನೂ ಗಂಭೀರ. ‘ಮಂಜುಗಡ್ಡೆ ಗೋಡೆಯನ್ನು ಒತ್ತುತ್ತದೆ’ ಎಂದರೆ, ಹೆಪ್ಪುಗಟ್ಟಿದ ಜಾಗದಲ್ಲೇ ಕೊಳವೆ ಒಡೆಯಬೇಕು. ಆದರೆ ಎಷ್ಟೋ ಸಲ ಅದು ಒಡೆಯುವುದು ಬೇರೆಡೆ, ಇನ್ನೂ ದ್ರವ ನೀರೇ ಇರುವ ಭಾಗದಲ್ಲಿ.

ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾನಿಲಯದ ಗಿಲ್ಪಿನ್ 1970ರ ದಶಕದಲ್ಲಿ ಕೊಳವೆಯೊಳಗಿನ ನೀರು ಹೆಪ್ಪುಗಟ್ಟುವ ಬಗೆಯನ್ನು ಅಧ್ಯಯನ ಮಾಡಿದರು. ನಿಂತ ನೀರು 0° ಸೆ. ದಾಟಿಯೂ ಕೆಲಕಾಲ ದ್ರವವಾಗಿಯೇ ತಣಿಯುತ್ತದೆ. ಅನಂತರ ಗರಿಗಳಂತೆ ಕವಲೊಡೆದ ಮಂಜಿನ ಹರಳುಗಳು ಒಮ್ಮೆಲೇ ಕೊಳವೆಯ ತುಂಬ ಹರಡುತ್ತವೆ. ಇದಕ್ಕೆ ಎಷ್ಟು ನೀರು ಹೆಪ್ಪುಗಟ್ಟಬೇಕು? ನೀರು −4° ಸೆ.ಗೆ ತಣಿದಿತ್ತು ಎನ್ನೋಣ. ವಿಶಿಷ್ಟೋಷ್ಣ 4.2, ತಾಪವ್ಯತ್ಯಾಸ 4, ಗುಪ್ತೋಷ್ಣ ಗ್ರಾಂಗೆ 334 ಜೂಲ್. ಅಂದರೆ ಸುಮಾರು ಶೇಕಡಾ 5 ಮಾತ್ರ. ಅಷ್ಟು ಹರಳುಗಳೇ ಕೊಳವೆಯನ್ನು ಕಟ್ಟಿಬಿಡಬಲ್ಲವು.

ಚಳಿ ಮುಂದುವರಿದರೆ ಈ ತಡೆ ಬೆಳೆದು ಗಟ್ಟಿ ಬಿರಡೆಯಾಗುತ್ತದೆ. ಬಿರಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿಗೆ ಹೋಗಲು ದಾರಿಯಿಲ್ಲ. ಆ ಭಾಗದಲ್ಲಿ 1 ಲೀಟರ್ ನೀರಿದೆ ಎನ್ನೋಣ. ನೀರನ್ನು ಸಂಪೀಡಿಸುವುದು ಬಹಳ ಕಷ್ಟ. ಗಾತ್ರವನ್ನು ಶೇಕಡಾ 1.5ರಷ್ಟು ಕುಗ್ಗಿಸಲು ವಾತಾವರಣ ಒತ್ತಡದ ಸುಮಾರು 300 ಪಟ್ಟು ಒತ್ತಡ ಬೇಕು. ಶೇಕಡಾ 1.5 ಎಂದರೆ 15 ಮಿಲಿಲೀಟರ್. ಇಷ್ಟು ಹೆಚ್ಚುವರಿ ಗಾತ್ರ ಉಂಟಾಗಲು 165 ಮಿಲಿಲೀಟರ್ ನೀರು ಹೆಪ್ಪುಗಟ್ಟಿದರೆ ಸಾಕು. ಕೊಳವೆಯ ಹಿಗ್ಗುವಿಕೆಯನ್ನು ಈ ಸ್ಥೂಲ ಲೆಕ್ಕದಲ್ಲಿ ಬಿಟ್ಟಿದ್ದೇವೆ. ಆದರೂ ಆರನೇ ಒಂದು ಭಾಗ ಹೆಪ್ಪುಗಟ್ಟುವುದರೊಳಗೆ ಒತ್ತಡ ಎಲ್ಲಿಗೆ ಏರಬಹುದೆಂದು ಇದು ತೋರಿಸುತ್ತದೆ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಕಟ್ಟಡ ಸಂಶೋಧನಾ ವಿಭಾಗ 1996ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು: ಕೊಳವೆಯನ್ನು ಒಡೆಯುವುದು ಬಿರಡೆಯ ಮುಂದೆ, ಮುಚ್ಚಿದ ನಲ್ಲಿಯ ಕಡೆ ಸಿಕ್ಕಿಬಿದ್ದ ನೀರಿನ ಒತ್ತಡ. ಹೊದಿಕೆಯಿಲ್ಲದ ಕೊಳವೆಗಳ ಬಗ್ಗೆ ಎಚ್ಚರ ವಹಿಸಬೇಕಾದ ಹೊರತಾಪ ಸುಮಾರು −7° ಸೆ. ಎಂದೂ ಅದು ಗುರುತಿಸಿತು. 0° ಸೆ. ತಲುಪಿದೊಡನೆ ಕೊಳವೆ ಸಿಡಿಯುತ್ತದೆ ಎಂಬ ಭಾವನೆಯೂ ಹೀಗೆ ಸರಿಯಲ್ಲ.

ಸೌದೆ ಒಲೆಯ ಲೆಕ್ಕ

ಮನೆ ಬೆಚ್ಚಗಿದ್ದರೆ ಇದಾವುದೂ ಆಗುವುದಿಲ್ಲ. ಆದರೆ ಸೌದೆ ಒಲೆಗೆ ಸೌದೆ ಹಾಕುವವರು ಬೇಕು. ಒಂದು ಕಾಲ್ಪನಿಕ ಮನೆಯ ಲೆಕ್ಕ ನೋಡಿ. ಒಳಗೂ ಹೊರಗೂ ಇರುವ ಪ್ರತಿ ಡಿಗ್ರಿ ತಾಪವ್ಯತ್ಯಾಸಕ್ಕೆ ಅದು 200 ವಾಟ್ ಉಷ್ಣ ಕಳೆದುಕೊಳ್ಳಲಿ. ಅದರ ತಾಪ 1 ಡಿಗ್ರಿ ಏರಲು 2 ಕೋಟಿ ಜೂಲ್ ಬೇಕಾಗಲಿ. ಒಳಗೆ 20° ಸೆ., ಹೊರಗೆ −10° ಸೆ. ಇದ್ದರೆ ನಷ್ಟ 6,000 ವಾಟ್. ಒಣ ಸೌದೆಯಿಂದ ಒಳ್ಳೆಯ ಒಲೆಯಲ್ಲಿ ಕಿ.ಗ್ರಾಂಗೆ ಸುಮಾರು 1 ಕೋಟಿ ಜೂಲ್ ಉಪಯೋಗಕ್ಕೆ ದೊರೆಯುತ್ತದೆ. ಹಾಗಾಗಿ 10 ಕಿ.ಗ್ರಾಂ ಸೌದೆ ಐದು ಗಂಟೆಗೂ ಸಾಲದು.

ಒಲೆ ಆರಿದ ಮೇಲೆ? ನ್ಯೂಟನ್ನನ ಶೀತಲೀಕರಣ ನಿಯಮದಂತೆ ಈ ಮನೆ 0° ಸೆ.ಗೆ ಇಳಿಯಲು ಸುಮಾರು 30 ಗಂಟೆ. ಹೊರಗೋಡೆಗೆ ಅಂಟಿದ ಕೊಳವೆಗಳಿಗೆ ಅಷ್ಟೂ ಸಮಯ ಸಿಗದು. ಮನೆಯನ್ನು 5° ಸೆ.ನಲ್ಲಿ ಹಿಡಿದಿಡಲು ಕೂಡ ದಿನಕ್ಕೆ 26 ಕಿ.ಗ್ರಾಂ ಸೌದೆ ಬೇಕು. ಮೂರು ವಾರಕ್ಕೆ ಅರ್ಧ ಟನ್ನಿಗೂ ಹೆಚ್ಚು!

ವಿದ್ಯುತ್ತಿನಿಂದ ಬೆಚ್ಚಗಾಗುವ ಮನೆಯ ಪಾಡೂ ವಿದ್ಯುತ್ ಹೋದಾಗ ಇದೇ. 2021ರ ಫೆಬ್ರವರಿಯಲ್ಲಿ ಅನೇಕ ಕನ್ನಡಿಗರೂ ನೆಲೆಸಿರುವ ಟೆಕ್ಸಾಸ್‌ನಲ್ಲಿ ಸುಮಾರು 45 ಲಕ್ಷ ಮನೆ–ಮಳಿಗೆಗಳಿಗೆ ವಿದ್ಯುತ್ ತಪ್ಪಿತು. ಜನರಿದ್ದ ಮನೆಗಳಲ್ಲೇ ಕೊಳವೆಗಳು ಒಡೆದು ಚಾವಣಿಗಳು ಕುಸಿದವು. ಆ ಚಳಿಯ ದುರಂತದಲ್ಲಿ 246 ಮಂದಿ ಸತ್ತರೆಂದು ರಾಜ್ಯದ ಆರೋಗ್ಯ ಇಲಾಖೆ ಲೆಕ್ಕ ಹಾಕಿತು.

ಉಪಾಯಗಳ ಪರೀಕ್ಷೆ

ಅರೆ ಉತ್ತರ ಕಲಿತವನು ಊರಿಗೆ ಹೊರಡುವಾಗ ಏನು ಮಾಡಿಯಾನು? ನಮ್ಮಲ್ಲಿ ರೂಢಿಯಿರುವಂತೆ ನಲ್ಲಿಗಳನ್ನೆಲ್ಲ ಬಿಗಿಯಾಗಿ ತಿರುಗಿಸಿ, ಒಲೆಗೆ ತುಂಬ ಸೌದೆ ಒಟ್ಟಿ, ಬೀಗ ಹಾಕಿಯಾನು. ಒತ್ತಡ ಏರಲು ಬೇಕಾದ ಮುಚ್ಚಿದ ಪಾತ್ರೆಯನ್ನು ಅವನೇ ಸಿದ್ಧಪಡಿಸಿದಂತಾಯಿತು.

ಪೂರ್ಣ ಉತ್ತರ ತಿಳಿದವನ ಕ್ರಮ ಬೇರೆ. ಅವನು ಮುಖ್ಯ ಕವಾಟವನ್ನು ಮುಚ್ಚುತ್ತಾನೆ. ನೀರು ಕಾಯಿಸುವ ಯಂತ್ರವನ್ನು ಮೊದಲು ಆರಿಸಿ, ಅನಂತರ ಅದರ ನೀರನ್ನು ಬಸಿಯುತ್ತಾನೆ. ಎಲ್ಲ ನಲ್ಲಿಗಳನ್ನೂ ತೆರೆದು, ತಗ್ಗಿನ ನಲ್ಲಿಯಿಂದ ಕೊಳವೆಗಳನ್ನು ಬರಿದು ಮಾಡಿ, ನಲ್ಲಿಗಳನ್ನು ತೆರೆದೇ ಬಿಡುತ್ತಾನೆ. ಪಂಪು ಮತ್ತು ಶೌಚಾಲಯದ ತೊಟ್ಟಿಯನ್ನು ಮರೆಯುವುದಿಲ್ಲ. ಬಚ್ಚಲಿನ ಕೆಳಗಿನ ಬಾಗಿದ ಕೊಳವೆಯಲ್ಲಿ ನೀರು ಉಳಿಯುತ್ತದೆ. ದುರ್ವಾಸನೆ ತಡೆಯಲು ಅದು ಇರಲೂಬೇಕು. ಅಲ್ಲಿಗೆ ಪ್ರೊಪಿಲೀನ್ ಗ್ಲೈಕಾಲ್ ಆಧಾರಿತ ಘನೀಭವನರೋಧಕ ದ್ರವವನ್ನು ಸುರಿಯುತ್ತಾನೆ. ವಾಹನಗಳಲ್ಲಿ ಸಾಮಾನ್ಯವಾಗಿ ಬಳಸುವ ಎಥಿಲೀನ್ ಗ್ಲೈಕಾಲ್ ವಿಷ, ಅದು ಸಲ್ಲದು.

ನಲ್ಲಿಯನ್ನು ತೊಟ್ಟಿಕ್ಕಲು ಬಿಡುವ ರೂಢಿಯೂ ಇದೆ. ‘ಹರಿಯುವ ನೀರು ಹೆಪ್ಪುಗಟ್ಟದು’ ಎಂದು ಕಾರಣ ಕೊಡುತ್ತಾರೆ. ಹಾಗಿದ್ದರೆ ನದಿಗಳು ಹೆಪ್ಪುಗಟ್ಟಬಾರದಿತ್ತು. ತೊಟ್ಟಿಕ್ಕುವ ನಲ್ಲಿಯ ಮುಖ್ಯ ಪ್ರಯೋಜನವೆಂದರೆ ಸಿಕ್ಕಿಬಿದ್ದ ನೀರಿನ ಒತ್ತಡಕ್ಕೆ ಅದು ದಾರಿ ಕೊಡುವುದು. ಖಾಲಿ ಮನೆಯಲ್ಲಿ ಅದೂ ಭದ್ರವಲ್ಲ, ಏಕೆಂದರೆ ನೀರು ಹೊರಹೋಗುವ ಕೊಳವೆಯೇ ಕಟ್ಟಿಕೊಳ್ಳಬಹುದು.

ತರಗತಿಯಲ್ಲಿ

ಇಷ್ಟೆಲ್ಲವನ್ನೂ ಒಂದು ಪಾಠದಲ್ಲಿ ತುಂಬಲಾಗದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ವ್ಯತ್ಯಾಸವನ್ನು ತೋರಿಸಲು ಮನೆಯ ಫ್ರಿಜ್ ಸಾಕು. ಎರಡು ಪ್ಲಾಸ್ಟಿಕ್ ಬಾಟಲಿಗಳನ್ನು ತೆಗೆದುಕೊಳ್ಳಿ. ಒಂದರಲ್ಲಿ ಅಂಚಿನವರೆಗೆ ನೀರು ತುಂಬಿ ಮುಚ್ಚಳ ಬಿಗಿಯಿರಿ. ಇನ್ನೊಂದರಲ್ಲಿ ಮುಕ್ಕಾಲು ತುಂಬಿ ಮುಚ್ಚಳ ಸಡಿಲ ಬಿಡಿ. ಜೊತೆಗೆ ಅಗಲ ಬಾಯಿಯ ಡಬ್ಬಿಯೊಂದರಲ್ಲಿ ಅಂಚಿನವರೆಗೆ ನೀರಿಡಿ. ಬಾಟಲಿಗಳನ್ನು ಚೀಲದಲ್ಲಿ ಸುತ್ತಿ, ಎಲ್ಲವನ್ನೂ ಒಂದು ರಾತ್ರಿ ಮಂಜುಗಡ್ಡೆಯ ಅರೆಯಲ್ಲಿಡಿ. ಗಾಜಿನ ಬಾಟಲಿ ಬೇಡ. ಮೂರರಲ್ಲೂ ನೀರು ಶೇಕಡಾ 9 ಹಿಗ್ಗಿರುತ್ತದೆ. ಆದರೆ ಉಬ್ಬುವುದು ಅಥವಾ ಬಿರಿಯುವುದು ಮೊದಲನೆಯದು ಮಾತ್ರ. ಹಿಗ್ಗುವಿಕೆ ಒಂದೇ ಆಗಿದ್ದೂ ಫಲ ಬೇರೆಯಾದದ್ದೇಕೆ ಎಂದು ಮಕ್ಕಳನ್ನು ಕೇಳಿ.

ಹಾಗೆಯೇ ಪ್ರಶ್ನೆಪತ್ರಿಕೆಯ ವಾಕ್ಯವನ್ನೂ ಬದಲಿಸಬಹುದು: ‘ಚಳಿಗಾಲದಲ್ಲಿ ಮೂರು ವಾರ ಖಾಲಿ ಬಿಡುವ ಮನೆಯಲ್ಲಿ ನಲ್ಲಿಗಳನ್ನು ಮುಚ್ಚಿಡಬೇಕೇ, ತೆರೆದಿಡಬೇಕೇ? ಕಾರಣ ಕೊಡಿ.’ ಇದಕ್ಕೆ ಬಾಯಿಪಾಠದ ಉತ್ತರ ಸಾಲದು. ಹಿಗ್ಗುವಿಕೆ, ಒತ್ತಡ ಎರಡನ್ನೂ ಜೋಡಿಸಿ ಯೋಚಿಸಿದ ವಿದ್ಯಾರ್ಥಿ ಮಾತ್ರ ಇದನ್ನು ಬಿಡಿಸಬಲ್ಲ.