ಹ್ಮಾಂಗ್ ಜನರ ಕಥಾವಸ್ತ್ರಗಳು

ಲಾವೋಸಿನ ಬೆಟ್ಟಗಳ ಹ್ಮಾಂಗ್ ಸ್ತ್ರೀಯರ ಕಸೂತಿಗೆ ‘ಪಾನ್‌ದಾವ್’, ಎಂದರೆ ಹೂವಸ್ತ್ರವೆಂದು ಹೆಸರು. ಬಸವನಹುಳುವಿನ ಸುರುಳಿ, ಆನೆಯ ಹೆಜ್ಜೆ ಮೊದಲಾದ ರೇಖಾಕೃತಿಗಳೇ ಅದರ ಪ್ರಾಚೀನ ಸಾಮಗ್ರಿಯು. 1975ರಲ್ಲಿ ರಾಜ್ಯವು ಕಮ್ಯೂನಿಸ್ಟರ ವಶವಾಗಲು, ಮೆಕಾಂಗ್ ನದಿಯನ್ನು ದಾಟಿ ಥಾಯ್ಲೆಂಡಿನ ಬಾನ್ ವಿನಾಯ್ ಮುಂತಾದ ಶಿಬಿರಗಳನ್ನು ಸೇರಿದವರಿಗೆ ಬಿತ್ತುವ ನೆಲವಿಲ್ಲದೆ ಸೂಜಿಯೇ ಜೀವನೋಪಾಯವಾಯಿತು. ಆಗ ಹುಟ್ಟಿದುದೇ ಕಥಾವಸ್ತ್ರ; ಬೇಸಾಯ, ಯುದ್ಧ, ಪಲಾಯನಗಳು ಅದರಲ್ಲಿ ಚಿತ್ರಿತವಾಗಿವೆ. ಕೊಳ್ಳುವ ಪರದೇಶೀಯರ ರುಚಿಗಾಗಿ ಉಜ್ಜ್ವಲವರ್ಣಗಳು ಮಂದವಾದುವು. ಇಷ್ಟರಿಂದಲೇ ಇದನ್ನು ಕಲೆಯ ಅಧಃಪತನವೆನ್ನುವುದು ಯುಕ್ತವಲ್ಲ. ಬಣ್ಣವನ್ನು ಕೊಳ್ಳುವವರು ಗೊತ್ತುಮಾಡಿದರೂ, ನದಿಯಲ್ಲಿ ಕಳೆದುಕೊಂಡವರ ಶೋಕವನ್ನು ಅವರು ಗೊತ್ತುಮಾಡಲಿಲ್ಲ. ದೂಷ್ಯವಾದುದು ಬೇರೆ: ಕೆಲವು ವಸ್ತ್ರಗಳಲ್ಲಿ ಚಿತ್ರದ ಬಳಿಯೇ ಹೊಲಿದಿರುವ ಇಂಗ್ಲಿಷ್ ವಾಕ್ಯಗಳು. ಬಿದಿರಿನ ತೆಪ್ಪಕ್ಕೆ ಅಂಟಿಕೊಂಡ ಮಕ್ಕಳನ್ನು ಕಂಡವನಿಗೆ ವ್ಯಾಖ್ಯಾನವೇತಕ್ಕೆ? ಆಲಂಕಾರಿಕರು ಹೇಳುವ ಸ್ವಶಬ್ದವಾಚ್ಯತಾದೋಷಕ್ಕೆ ಇದು ಬಹು ಸಮೀಪವಾದುದು.