ಒಡೆತನ ಬದಲಾದರೂ ಬಾಳುವ ಸೌಧ

ಗಗನಚುಂಬಿ ಕಟ್ಟಡದ ಯೋಗ್ಯತೆಯನ್ನು ಅದರ ಎತ್ತರದಿಂದ ಅಳೆಯುವ ರೂಢಿ ಲೋಕದಲ್ಲಿ ಎಲ್ಲೆಡೆಯೂ ಉಂಟು. ಆದರೆ ವಾಸ್ತುಶಿಲ್ಪದಲ್ಲಿ ಅಭಿರುಚಿಯುಳ್ಳವರು ಷಿಕಾಗೋ ನಗರಕ್ಕೆ ಹೋದಲ್ಲಿ, ಅದರ ವ್ಯಾಪಾರಕೇಂದ್ರವಾದ ಲೂಪ್ ಪ್ರದೇಶದೊಳಗೆ, ಮನ್ರೋ ಮತ್ತು ಡಿಯರ್‌ಬಾರ್ನ್ ಬೀದಿಗಳು ಕೂಡುವ ಮೂಲೆಯಲ್ಲಿರುವ, ಕೇವಲ 19 ಅಂತಸ್ತುಗಳ ಇನ್‌ಲ್ಯಾಂಡ್ ಸ್ಟೀಲ್ ಕಟ್ಟಡವನ್ನು ಮೊದಲು ನೋಡತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ.

1930ರ ದಶಕದ ಆರ್ಥಿಕ ಮುಗ್ಗಟ್ಟು ಮತ್ತು ಅದರ ಬೆನ್ನಿಗೇ ಬಂದ ಮಹಾಯುದ್ಧ, ಇವೆರಡರಿಂದಾಗಿ ಲೂಪಿನಲ್ಲಿ ದೊಡ್ಡ ಕಟ್ಟಡಗಳ ನಿರ್ಮಾಣವು ಬಹುಕಾಲ ಸ್ತಬ್ಧವಾಗಿತ್ತು. ಆ ಸ್ತಬ್ಧತೆಯನ್ನು ಮುರಿದ ಮೊದಲಿಗರಲ್ಲಿ ಇನ್‌ಲ್ಯಾಂಡ್ ಸ್ಟೀಲ್ ಕಂಪನಿಯೂ ಒಂದು. ತನ್ನ ಪ್ರಧಾನ ಕಚೇರಿಯೇ ತಾನು ತಯಾರಿಸುವ ಉಕ್ಕಿನ ಸಾಕ್ಷಿಯಾಗುವಂತೆ ಅದು ಕಟ್ಟಿಸಿದ ಈ ಸೌಧಕ್ಕೆ ಸ್ಕಿಡ್‌ಮೋರ್, ಓವಿಂಗ್ಸ್ ಮತ್ತು ಮೆರಿಲ್ ಸಂಸ್ಥೆಯ ವಾಲ್ಟರ್ ನೆಟ್ಷ್ ಅವರು ಆರಂಭಿಸಿದ ವಿನ್ಯಾಸವನ್ನು ಬ್ರೂಸ್ ಗ್ರಹಾಂ ಅವರು ಪೂರ್ಣಗೊಳಿಸಿದರು. ಢಾಕಾ ಮೂಲದ ಎಂಜಿನಿಯರ್ ಫಜ್ಲುರ್ ಖಾನರೊಡಗೂಡಿ ಮುಂದೆ ಅದೇ ನಗರದಲ್ಲಿ 110 ಅಂತಸ್ತುಗಳ ಸಿಯರ್ಸ್ ಗೋಪುರವನ್ನು ಎತ್ತಿ ನಿಲ್ಲಿಸಿದವರೂ ಇದೇ ಗ್ರಹಾಂ ಅವರೇ.

ಬೀದಿಯಲ್ಲಿ ನಿಂತು ಕತ್ತೆತ್ತಿ ನೋಡಿದರೆ, ಉದ್ದನೆಯ ಪಾರ್ಶ್ವದ ಏಳು ಕಂಬಗಳು ಹಸಿರುಛಾಯೆಯ ಗಾಜಿನ ಗೋಡೆಯಿಂದ ಹೊರಚಾಚಿ, ಸ್ಟೇನ್‌ಲೆಸ್ ಸ್ಟೀಲಿನ ಕವಚ ತೊಟ್ಟು, ನೆಲದಿಂದ ನೆತ್ತಿಯವರೆಗೆ ಎಲ್ಲಿಯೂ ತಡೆಯಿಲ್ಲದೆ ಏರಿಹೋಗುತ್ತವೆ. ಎದುರು ಪಾರ್ಶ್ವದಲ್ಲಿಯೂ ಅಂತಹವೇ ಏಳು. ಸುಮಾರು 60 ಅಡಿಗಳ ಅಗಲವನ್ನು ನಡುವೆ ಆಸರೆಯಿಲ್ಲದೆ ದಾಟುವ ತೊಲೆಗಳು ಈ ಹದಿನಾಲ್ಕು ಕಂಬಗಳ ಮೇಲೆಯೇ ನೆಲೆಗೊಂಡಿರುವುದರಿಂದ, ಒಳಗಿನ ಕಚೇರಿಗಳಲ್ಲಿ ಹುಡುಕಿದರೂ ಒಂದು ಕಂಬವಿಲ್ಲ. ಇನ್ನು ಲಿಫ್ಟು, ಮೆಟ್ಟಿಲು, ಶೌಚಗೃಹ ಮೊದಲಾದವುಗಳೆಲ್ಲ ಪಕ್ಕದಲ್ಲಿಯೇ ಇನ್ನೂ ಎತ್ತರಕ್ಕೆ ನಿಂತಿರುವ, ಕಿಟಕಿಗಳಿಲ್ಲದ ಪ್ರತ್ಯೇಕ ಗೋಪುರವೊಂದರಲ್ಲಿ ಸೇರಿಕೊಂಡಿವೆ. ಅಡಿಗೆಮನೆಯನ್ನೂ ಬಚ್ಚಲನ್ನೂ ಹಿತ್ತಿಲ ಕಡೆಗೆ ಸರಿಸಿ, ಹತ್ತು ಜನ ಬಂದಾಗ ಬೇಕಾದಂತೆ ಬಳಸಲು ಪಡಸಾಲೆಯನ್ನು ಬಯಲಾಗಿ ಉಳಿಸಿಕೊಂಡ ನಮ್ಮ ಹಿರಿಯರ ಗೃಹವಿವೇಕವೇ ಇಲ್ಲಿಯೂ ಇದೆ.

ಈ ವಿವೇಕದ ಫಲವನ್ನು ಕಾಲವು ಪ್ರತ್ಯಕ್ಷವಾಗಿ ತೋರಿಸಿತು. 1998ರಲ್ಲಿ ಇನ್‌ಲ್ಯಾಂಡ್ ಸ್ಟೀಲ್ ಕಂಪನಿಯು ರಾಜಸ್ಥಾನ ಮೂಲದ ಲಕ್ಷ್ಮೀ ಮಿತ್ತಲ್ ಅವರ ಇಸ್ಪಾತ್ ಇಂಟರ್‌ನ್ಯಾಷನಲ್ ಸಂಸ್ಥೆಯ ವಶವಾಯಿತು. ಅದೇ ವರ್ಷ ನಗರವು ಈ ಕಟ್ಟಡವನ್ನು ತನ್ನ ಸಂರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರಿಸಿತು. ಒಡೆಯನ ವೈಭವವನ್ನು ಸಾರಲೆಂದು ಹುಟ್ಟಿದ ಸೌಧವು ಒಡೆತನ ಬದಲಾದ ಮೇಲೆಯೂ ಬೇರೆ ಬೇರೆ ಸಂಸ್ಥೆಗಳಿಗೆ ಕಚೇರಿಯಾಗಿ ಬಾಳುತ್ತಿರುವುದಕ್ಕೆ ಅದರ ಹೊಳಪಿಗಿಂತ ಹೆಚ್ಚಾಗಿ ಅದರೊಳಗಿನ ಬಯಲೇ ಕಾರಣ. ಬಂದವರು ಬಂದಂತೆ ತಮ್ಮ ಕೆಲಸಕ್ಕೊಪ್ಪುವ ಹಾಗೆ ಅಡ್ಡಗೋಡೆಗಳನ್ನು ಎಬ್ಬಿಸಲೂ ಬಹುದು, ತೆಗೆಯಲೂ ಬಹುದು. ಮುಂದೆ ಬರುವವರ ಅಗತ್ಯ ಏನೆಂದು ಕಟ್ಟುವವನಿಗೆ ತಿಳಿಯದು. ಆದಕಾರಣ ಅವರಿಗಾಗಿ ಅವಕಾಶವನ್ನು ಉಳಿಸಿಡುವುದೇ ಅವನ ಪರಮ ಕರ್ತವ್ಯ, ಮತ್ತು ಆ ಕರ್ತವ್ಯವನ್ನು ಇಷ್ಟು ಸೊಗಸಾಗಿ ನೆರವೇರಿಸಿದ ಕಚೇರಿ ಕಟ್ಟಡಗಳು ವಿರಳ.